ಕೇಳುವ ಸರದಿ ಯಾರದು?

ಇಳಕಲ್ಲಿನ ಹುಡುಗಿಗೆ ಮೆಡಿಕಲ್ ಸೀಟು ಸಿಗುವ ಹೊತ್ತಿಗೆ, ಅದನ್ನು ಕೊಟ್ಟವರು ಯಾರೂ ಅವಳ ಮುಖ ನೋಡಿರುವುದಿಲ್ಲ. ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಆಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದಲ್ಲಿ ನೋಂದಣಿ, ದಾಖಲೆ ಪರಿಶೀಲನೆ, ಕಾಲೇಜುಗಳ ಹೆಸರನ್ನು ಮೇಲೆ ಕೆಳಗೆ ಜೋಡಿಸುವ ಆಪ್ಷನ್ ಎಂಟ್ರಿ, ಅಣಕು ಹಂಚಿಕೆ, ಮೊದಲ ಸುತ್ತು. ಸೀಟು ಹಂಚಿಕೆಯಾದ ಮೇಲೆ ಪ್ರಾಧಿಕಾರ ಒಂದು ಮಾತು ಕೇಳುತ್ತದೆ. ಅದಕ್ಕೂ ನಾಲ್ಕೇ ಉತ್ತರ: ಒಪ್ಪಿದೆ, ಸೇರುತ್ತೇನೆ; ಒಪ್ಪಿದೆ, ಆದರೆ ಇನ್ನೂ ಒಳ್ಳೆಯದಕ್ಕೆ ಕಾಯುತ್ತೇನೆ; ಒಪ್ಪಿಲ್ಲ, ಮುಂದಿನ ಸುತ್ತಿಗೆ ಬರುತ್ತೇನೆ; ಸಾಕು, ಹೊರಗೆ ಹೋಗುತ್ತೇನೆ. ಎರಡು ವರ್ಷ ನಾಲ್ಕರಲ್ಲಿ ಒಂದನ್ನು ಆರಿಸುವುದನ್ನೇ ಉಸಿರಾಡಿದ ಮಕ್ಕಳು ಇದನ್ನೂ ನೀಟಿನ 181ನೇ ಪ್ರಶ್ನೆ ಎಂದೇ ತಿಳಿಯುತ್ತಾರೆ.

ಹುನಗುಂದದಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತನಾದ ನನ್ನಲ್ಲಿಗೆ ಈ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಅಪ್ಪಂದಿರು ಬರುತ್ತಾರೆ. ಮಕ್ಕಳು ಹಿಂದೆ ನಿಂತಿರುತ್ತಾರೆ. ಮಾತೆಲ್ಲ ಅಪ್ಪನದೇ. ಫೀ ಎಷ್ಟು, ಹಾಸ್ಟೆಲ್ ಹೆಂಗೈತಿ, ಬಸ್ಸು ಐತೇನು, ಮುಂದೆ ಪಿಜಿ ಸಿಗತೈತೇನು. ತಪ್ಪೇನಿಲ್ಲ, ದುಡ್ಡು ಕೊಡುವವನು ಕೇಳಬೇಕಾದದ್ದೇ. ಐದೂವರೆ ವರ್ಷ ಆ ಕಟ್ಟಡದಲ್ಲಿ ಬದುಕಬೇಕಾದವಳು ಮಾತ್ರ ಏನೂ ಕೇಳುವುದಿಲ್ಲ. 'ನಿನಗೇನರೆ ಕೇಳೂದೈತೇನವಾ?' ಎಂದರೆ ಅಪ್ಪನ ಮುಖ ನೋಡುತ್ತಾಳೆ.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ನಮ್ಮ ಕಡೆಯ ಮನೆತನಗಳ ಮಕ್ಕಳ ಸಂಗತಿ ಬೇರೆ. ಅಲ್ಲಿ ಮೆಡಿಕಲ್ ಸೇರಬೇಕಾದರೆ ಸಂದರ್ಶನ ದಾಟಲೇಬೇಕು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯ ರೂಪಿಸಿದ ಒಂದು ಪದ್ಧತಿಯಲ್ಲಿ ಅಭ್ಯರ್ಥಿ ಕೋಣೆಯಿಂದ ಕೋಣೆಗೆ ಹೋಗುತ್ತ ಕೆಲವೇ ನಿಮಿಷಗಳ ಸಣ್ಣ ಸಣ್ಣ ಸಂದರ್ಶನಗಳನ್ನು ಸರಣಿಯಾಗಿ ಎದುರಿಸುತ್ತಾನೆ. ಸಾಂಪ್ರದಾಯಿಕ ಸಂದರ್ಶನವಾದರೆ ಕೊನೆಗೆ ಎದುರಿನವರು 'ನೀವೇನಾದರೂ ಕೇಳುವುದಿದೆಯೆ?' ಎನ್ನುತ್ತಾರೆ. ಏನು ಕೇಳಬೇಕೆಂದು ಮಕ್ಕಳು ವಾರಗಟ್ಟಲೆ ತಯಾರಿ ನಡೆಸುತ್ತಾರೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಬ್ಬ ಅಜ್ಜನಿಗೆ ಇದನ್ನು ಹೇಳಿದಾಗ ಅವನು ನಕ್ಕ: 'ಸೀಟ ಕೊಡಾವರನ್ನ ತಿರುಗಿ ಕೇಳಿದ್ರ ಸೀಟ ಕೊಡ್ತಾರೇನ್ರಿ?'

ಆ ನಗುವಿನ ಹಿಂದೆ ಅನುಭವವಿದೆ. ನಮ್ಮಲ್ಲೂ ಸಂದರ್ಶನವಿತ್ತು. ಬಾಗಲಕೋಟೆ ವಿಜಾಪುರ ಜಿಲ್ಲೆಯೊಳಗೆ ಇದ್ದ ಕಾಲದಲ್ಲಿ, ಮೈಸೂರು ರಾಜ್ಯ ಸರ್ಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಸೀಟುಗಳಿಗೆ ಸಂದರ್ಶನದ ಅಂಕಗಳನ್ನೂ ಸೇರಿಸಿತ್ತು. ಪಿಯುಸಿಯ ಐಚ್ಛಿಕ ವಿಷಯಗಳ ಒಟ್ಟು ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ಒಲವು ಮತ್ತು ವ್ಯಕ್ತಿತ್ವ, ಎನ್‌ಸಿಸಿ, ಆಟ, ಚರ್ಚಾಸ್ಪರ್ಧೆ, ನಾಟಕ ಎಲ್ಲಕ್ಕೂ ಅಲ್ಲಿ ತೂಕ. ಇದನ್ನು ಪ್ರಶ್ನಿಸಿದ ಚಿತ್ರಲೇಖಾ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1964ರಲ್ಲಿ ಕೋರ್ಟು ಸಂದರ್ಶನ ಪದ್ಧತಿಯನ್ನು ಎತ್ತಿ ಹಿಡಿಯಿತು. ಕಾಗದದ ಮೇಲೆ ಪದ್ಧತಿ ಚೆನ್ನಾಗಿಯೇ ಇತ್ತು. ಆದರೆ ಹುನಗುಂದದ ಒಕ್ಕಲಿಗನ ಮಗ ಯಾವ ನಾಟಕದಲ್ಲಿ ಪಾರ್ಟು ಮಾಡಿದ್ದನೆಂದು ಬೆಂಗಳೂರಿನ ಸಮಿತಿಗೆ ಹೇಳಬೇಕು? ಸಣ್ಣಾಟದಲ್ಲಿ ಮಾಡಿದ್ದರೆ ಅದು ಲೆಕ್ಕಕ್ಕೆ ಬರುತ್ತಿತ್ತೆ?

1980ರ ಕೊನೆಗೆ ಬಂದ ಅಜಯ್ ಹಾಸಿಯಾ ತೀರ್ಪು ಈ ಹುಣ್ಣನ್ನು ಬಿಚ್ಚಿ ತೋರಿಸಿತು. ಅದು ಶ್ರೀನಗರದ ಎಂಜಿನಿಯರಿಂಗ್ ಕಾಲೇಜಿನ ಪ್ರಕರಣ. ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ, ಕೇಳಿದ್ದು ತಂದೆ ಯಾರು, ಮನೆ ಎಲ್ಲಿ ಎಂಬಂಥ ಪ್ರಶ್ನೆ. ಇಷ್ಟಕ್ಕೆ ಒಟ್ಟು ಅಂಕದ ಮೂರನೆಯ ಒಂದು ಭಾಗ! ಸಂದರ್ಶನಕ್ಕೆ ಶೇ 15ಕ್ಕಿಂತ ಹೆಚ್ಚು ತೂಕ ಬೇಡವೆಂದು ಕೋರ್ಟು ಹೇಳಿತು. ತಂದೆ ಯಾರು, ಮನೆ ಎಲ್ಲಿ ಎಂಬ ಎರಡು ಪ್ರಶ್ನೆಗಳಲ್ಲಿ ಜಾತಿ, ಜಮೀನು, ಪಕ್ಷ, ಪರಿಚಯ ಎಲ್ಲವೂ ಹೊರಬೀಳುತ್ತವೆ ಎಂಬುದನ್ನು ನಮ್ಮ ಊರುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮುಖ ನೋಡದ ಕಂಪ್ಯೂಟರು ನೇಕಾರರ ಮಗಳಿಗೆ ಮಾಡಿದ ಉಪಕಾರ ದೊಡ್ಡದು. ಸಂದರ್ಶನ ಹೋದದ್ದಕ್ಕೆ ನನಗೆ ಎಳ್ಳಷ್ಟೂ ದುಃಖವಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಹಳೆಯ ಆಯ್ಕೆ ಪದ್ಧತಿಯನ್ನು ಉಳಿಸಿಕೊಳ್ಳಲು 2017ರಲ್ಲಿ ಎಂಬಿಬಿಎಸ್‌ಗೆ ಒಬ್ಬನೇ ವಿದ್ಯಾರ್ಥಿಯನ್ನು ಸೇರಿಸಿಕೊಂಡು ಪ್ರತಿಭಟಿಸಿತು. 2020ರಲ್ಲಿ ಸುಪ್ರೀಂ ಕೋರ್ಟು ಅದಕ್ಕೂ ನೀಟೇ ಅನ್ವಯ ಎಂದಿತು. ಬಡವರ ಸೇವೆಗೆ ತಕ್ಕವರನ್ನು ನಾವೇ ಮಾತಾಡಿಸಿ ಆರಿಸುತ್ತೇವೆ ಎಂಬ ಅವರ ವಾದದಲ್ಲಿ ಹುರುಳಿತ್ತು. ಆದರೆ ಎಲ್ಲ ಸಂದರ್ಶಕರೂ ವೆಲ್ಲೂರಿನವರಾಗಿರುವುದಿಲ್ಲ. ಈಗ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಂಥ ಕೆಲವೇ ಕಡೆ ನೀಟ್ ಆದ ಮೇಲೂ ಸಂದರ್ಶನ ಉಳಿದಿದೆ.

ಹಾಗಿದ್ದರೆ ಕೊರಗು ಯಾವುದರದು? ಸಂದರ್ಶನದಲ್ಲಿ ಎರಡು ಕುರ್ಚಿ ಇದ್ದವು. ಒಂದು ಕುರ್ಚಿ ಅನ್ಯಾಯ ಮಾಡುತ್ತದೆಂದು ಇಡೀ ಕೋಣೆಯನ್ನೇ ತೆಗೆದೆವು. ಇನ್ನೊಂದು ಕುರ್ಚಿಯಲ್ಲಿ ಕೂತವರು ಬಾಯಿ ಬಿಡಬಹುದು ಎಂಬುದನ್ನು ಆಗಲೂ ಕಲಿಸಿರಲಿಲ್ಲ, ಈಗಲೂ ಕಲಿಸಿಲ್ಲ. ಈ ರಾಜ್ಯದಲ್ಲಿ ಪ್ರವೇಶದ ವಿಷಯದಲ್ಲಿ ಅಭ್ಯರ್ಥಿಗಳು ಗಟ್ಟಿಯಾಗಿ ಪ್ರಶ್ನೆ ಕೇಳಿದ್ದು ಕೋರ್ಟಿನಲ್ಲಿ ಮಾತ್ರ. ಚಿತ್ರಲೇಖಾ ಹೆಸರು ಹಾಗೆ ಉಳಿಯಿತು. ಮೋಹಿನಿ ಜೈನ್ ಹೆಸರೂ ಹಾಗೇ. ಮೀರತ್ತಿನ ಆ ಹುಡುಗಿಗೆ ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸೀಟಿತ್ತು. ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000. ಯಾಕೆ ಎಂದು ಅವಳು ಕೇಳಿದ್ದಕ್ಕೆ 1992ರಲ್ಲಿ ದೇಶವೇ ಕ್ಯಾಪಿಟೇಶನ್ ಶುಲ್ಕದ ಬಗ್ಗೆ ಮಾತಾಡಬೇಕಾಯಿತು.

ಬಸವಣ್ಣ ಐಕ್ಯನಾದ ಕೂಡಲಸಂಗಮ ಇರುವ ತಾಲ್ಲೂಕು ನಮ್ಮದು. ಪ್ರಶ್ನೆ ಕೇಳುವುದು ನಮ್ಮ ನೆಲದ ಗುಣವೆಂದು ವರ್ಷಕ್ಕೆ ಹತ್ತು ವೇದಿಕೆಗಳಿಂದ ಭಾಷಣ ಬಿಗಿಯುತ್ತೇವೆ. ಇಳಿದು ಮನೆಗೆ ಬಂದು ಮಗಳಿಗೆ 'ಎದುರ ಮಾತಾಡಬ್ಯಾಡ' ಅನ್ನುತ್ತೇವೆ.

ಈ ಮೌನಕ್ಕೆ ವೈದ್ಯಕೀಯದಲ್ಲಿ ಬೀಳುವ ದಂಡ ಬೇರೆ ಓದುಗಳಲ್ಲಿ ಬೀಳುವುದಕ್ಕಿಂತ ದೊಡ್ಡದು. ವಾರ್ಡಿಗೆ ಕಾಲಿಟ್ಟ ವಿದ್ಯಾರ್ಥಿಗೆ ಮೊದಲು ಒಪ್ಪಿಸುವ ಕೆಲಸವೇ ಹಿಸ್ಟರಿ ತೆಗೆದುಕೊಳ್ಳುವುದು. ಏನು ತ್ರಾಸು, ಎಷ್ಟು ದಿನ ಆತು, ಮೊದಲೂ ಹಿಂಗ ಆಗಿತ್ತೇನು, ಮನಿಯಾಗ ಮತ್ಯಾರಿಗರೆ ಐತೇನು. ಅಂದರೆ ಹದಿನೆಂಟು ವರ್ಷ ಉತ್ತರ ಹೇಳಿ ಹೇಳಿಯೇ ಅಲ್ಲಿಗೆ ತಲುಪಿದವರಿಗೆ ಇದ್ದಕ್ಕಿದ್ದಂತೆ ಪ್ರಶ್ನೆ ಕೇಳುವ ಕೆಲಸ. ಅದೂ ನಾಲ್ಕು ಆಯ್ಕೆ ಇಲ್ಲದ ಪ್ರಶ್ನೆ.

ಕೇಳದೆ ಬಿಟ್ಟ ಒಂದು ಪ್ರಶ್ನೆ ಏನು ಮಾಡೀತು ಎಂಬುದಕ್ಕೆ ದೂರ ಹೋಗಬೇಕಿಲ್ಲ, ಇಳಕಲ್ಲಿನ ಸುತ್ತಲೇ ಉದಾಹರಣೆ ಇದೆ. ಅಲ್ಲಿನ ಕೆಂಪು ಗ್ರಾನೈಟಿಗೆ ಹೊರದೇಶಗಳಲ್ಲೂ ಬೆಲೆ. ಆ ಕಲ್ಲನ್ನು ಕೊರೆಯುವವನ, ಪಾಲಿಶ್ ಮಾಡುವವನ ಎದೆಯೊಳಗೆ ಕಲ್ಲಿನ ಸಣ್ಣ ಧೂಳು ಹೋಗಿ ಕೂರುತ್ತದೆ. ವರ್ಷಗಳಾದ ಮೇಲೆ ಒಣ ಕೆಮ್ಮು, ಏದುಸಿರು, ತೂಕ ಇಳಿಯುವುದು. ಎಕ್ಸ್‌ರೇ ನೋಡಿದರೆ ಕ್ಷಯವೆಂದು ಮೋಸ ಹೋಗುವಂತಿರುತ್ತದೆ. ಸಿಲಿಕೋಸಿಸನ್ನು ಟಿಬಿ ಎಂದು ಭಾವಿಸಿ ತಿಂಗಳುಗಟ್ಟಲೆ ಟಿಬಿ ಗುಳಿಗೆ ನುಂಗಿಸುವುದು ಗಣಿ ಇರುವ ಕಡೆಯಲ್ಲೆಲ್ಲ ನಡೆಯುತ್ತದೆ. ಸಿಲಿಕಾ ತುಂಬಿದ ಎದೆಗೆ ನಿಜವಾದ ಟಿಬಿಯೂ ಬೇಗ ಹತ್ತುತ್ತದೆ, ಅದು ಇನ್ನೊಂದು ತೊಡಕು. ಈ ಗಂಟು ಬಿಚ್ಚಲು ಮೊದಲು ಬೇಕಾದದ್ದು ಒಂದು ಪ್ರಶ್ನೆ: 'ನೀ ಏನ ಕೆಲಸ ಮಾಡ್ತೀಪಾ?' ಅದರ ಬೆನ್ನಿಗೆ ಇನ್ನೊಂದು: 'ಮೊದಲ ಏನ ಮಾಡತಿದ್ದಿ?' ಯಾಕೆಂದರೆ ಕಲ್ಲಿನ ಕೆಲಸ ಬಿಟ್ಟು ಈಗ ಚಹಾ ಅಂಗಡಿ ಇಟ್ಟವನು ತಾನು ಚಹಾದವನು ಎಂದೇ ಹೇಳುತ್ತಾನೆ.

ರೋಗಿಯ ಕಸುಬನ್ನು ಕೇಳಬೇಕೆಂದು ವೈದ್ಯರ ಪ್ರಶ್ನೆಗಳ ಸಾಲಿಗೆ ಅದನ್ನು ಸೇರಿಸಿದವನು ಇಟಲಿಯ ಬರ್ನಾರ್ದಿನೊ ರಮಝೀನಿ. 1700ರಲ್ಲಿ ಅವನು ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಹಿಪೊಕ್ರಟಿಸ್ ಹೇಳಿಕೊಟ್ಟ ಪ್ರಶ್ನೆಗಳಿಗೆ ಇದೊಂದನ್ನು ಕೂಡಿಸಿರಿ ಎಂದ. ಆ ಪುಸ್ತಕದ 1713ರ ವಿಸ್ತೃತ ಆವೃತ್ತಿಯಲ್ಲಿ ಕಲ್ಲು ಕೆತ್ತುವವರ ಮೇಲೂ ನೇಯುವವರ ಮೇಲೂ ಅಧ್ಯಾಯಗಳಿವೆ. ಇಳಕಲ್ಲಿನ ಎರಡೂ ಕಸುಬುಗಳು! ಮುನ್ನೂರು ವರ್ಷ ಹಳೆಯ ಆ ಪುಸ್ತಕ ನಮ್ಮ ಊರಿನ ಒಂದು ಓಣಿಯಲ್ಲಿ ನಡೆದಾಡಿದಂತೆ ನನಗೆ ಅನ್ನಿಸುತ್ತದೆ. ಆದ್ದರಿಂದ ಬಾಗಲಕೋಟೆ ಸೀಮೆಯಿಂದ ಹೋಗುವ ಅಭ್ಯರ್ಥಿ ಯಾವ ಕಾಲೇಜಿಗೇ ಹೋಗಲಿ, ಕೇಳಬಹುದಾದ ಒಂದು ಒಳ್ಳೆಯ ಪ್ರಶ್ನೆ ಇದು: ನಿಮ್ಮ ಸುತ್ತಲಿನ ಜನಕ್ಕೆ ಅವರ ಕೆಲಸದಿಂದ, ಅವರ ನೀರಿನಿಂದ ಬರುವ ಕಾಯಿಲೆ ಯಾವುವು, ಅವುಗಳನ್ನು ನಿಮ್ಮ ವಿದ್ಯಾರ್ಥಿಗಳು ಎಲ್ಲಿ ನೋಡುತ್ತಾರೆ? ಉತ್ತರ ಕೊಡಲು ತಡವರಿಸಿದರೆ ಅದೂ ಉತ್ತರವೇ.

ಬಾಗಲಕೋಟೆಯ ಮಟ್ಟಿಗೆ ಕಾಲೇಜೆಂದರೆ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು. 1906ರಲ್ಲಿ ಹುಟ್ಟಿದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಅದನ್ನು 2002ರಲ್ಲಿ ತೆರೆಯಿತು. ಹಳೆಯ ಊರಿನ ದೊಡ್ಡ ಭಾಗ ಆಲಮಟ್ಟಿಯ ಹಿನ್ನೀರಿಗೆ ಹೋಗಿ, ಜನ ನವನಗರದ ಸೆಕ್ಟರುಗಳಲ್ಲಿ ಹೊಸದಾಗಿ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಜತೆಗಿರುವ ಆಸ್ಪತ್ರೆಗೆ ಹಾನಗಲ್ ಕುಮಾರೇಶ್ವರರ ಹೆಸರು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಗೆ ಶಿವಯೋಗಮಂದಿರ ಕಟ್ಟಿದವರು ಅವರೇ. ಜಿಲ್ಲೆಗೊಂದು ಸರ್ಕಾರಿ ಕಾಲೇಜು ಬೇಕೆಂಬ ಕೂಗು ವರ್ಷಗಳಿಂದ ಇದೆ. ಹೀಗಾಗಿ ನಮ್ಮ ಮಕ್ಕಳ ಆಪ್ಷನ್ ಪಟ್ಟಿಯಲ್ಲಿ ಹುಬ್ಬಳ್ಳಿ, ಬೆಳಗಾವಿ, ಗದಗ, ಕೊಪ್ಪಳ, ವಿಜಯಪುರ ಸಾಲಾಗಿ ಬರುತ್ತವೆ.

ಕೊಪ್ಪಳದ ಮಾತು ಬಂದಾಗ ಇಳಕಲ್ಲಿನವರು ನಿಟ್ಟುಸಿರು ಬಿಡುವುದಕ್ಕೆ ಕಾರಣವಿದೆ. ಹೆದ್ದಾರಿಯಲ್ಲಿ ಪಕ್ಕದ ಊರಾದ ಕುಷ್ಟಗಿ ಕೊಪ್ಪಳ ಜಿಲ್ಲೆಯದು, ಅಲ್ಲಿನ ಮಕ್ಕಳಿಗೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಮೀಸಲಾತಿ ಇದೆ. ಬಾಗಲಕೋಟೆ ಜಿಲ್ಲೆ ಆ ಗೆರೆಯ ಹೊರಗೆ. ಅದೇ ಬಿಸಿಲು, ಅದೇ ಬರ, ಅದೇ ಸವುಳು ನೀರು, ಆದರೆ ಸರ್ಟಿಫಿಕೇಟು ಬೇರೆ. ಇದು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಬೇಡ. ಇದನ್ನು ಮೊದಲೇ ವಿಚಾರಿಸದೆ ಯಾವುದೋ ವರ್ಷದ ಕಟ್‌ಆಫ್ ನೋಡಿ ಲೆಕ್ಕ ಹಾಕಿದ ಮನೆಗಳು ಮೊದಲ ಸುತ್ತಿನ ದಿನ ಗಾಬರಿ ಬೀಳುತ್ತವೆ, ಅಷ್ಟನ್ನು ಹೇಳಬಲ್ಲೆ.

ಸಂದರ್ಶನ ಇಲ್ಲದ ಮೇಲೆ ಅಭ್ಯರ್ಥಿ ಕೇಳುವುದು ಯಾರನ್ನು? ನನ್ನ ಸಲಹೆ ಒಂದೇ. ಪ್ರಾಚಾರ್ಯರ ಕೋಣೆಗೆ ಹೋಗಬೇಡಿ. ಅಲ್ಲಿ ನಿಮಗೆ ಪುಸ್ತಿಕೆ ಕೊಡುತ್ತಾರೆ, ಚಹಾ ಕೊಡುತ್ತಾರೆ. ಆಪ್ಷನ್ ಎಂಟ್ರಿಗೆ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಒಪಿಡಿಗೆ ಹೋಗಿ ಬೆಂಚಿನ ಮೇಲೆ ಕುಳಿತುಕೊಳ್ಳಿ. ಚೀಟಿ ಮಾಡಿಸುವ ಸಾಲು ಎಷ್ಟುದ್ದ, ಯಾವ ಊರಿನವರು ಬಂದಿದ್ದಾರೆ, ಹನ್ನೊಂದಕ್ಕೆ ವೈದ್ಯರು ಕುರ್ಚಿಯಲ್ಲಿದ್ದಾರೆಯೆ. ಪಕ್ಕದ ಮುದುಕಿಯನ್ನು ಕೇಳಿದರೆ ಸಾಕು, 'ಇಲ್ಲಿ ಚಲೋ ನೋಡ್ತಾರವಾ' ಎನ್ನುತ್ತಾಳೋ 'ಬರೇ ಚೀಟಿ ಬರ್ದು ಬೆಂಗ್ಳೂರಿಗೆ ಹೋಗು ಅಂತಾರ' ಎನ್ನುತ್ತಾಳೋ ತಿಳಿಯುತ್ತದೆ. ರೋಗಿ ಇಲ್ಲದ ಆಸ್ಪತ್ರೆಯಲ್ಲಿ ಡಾಕ್ಟರಾಗುವುದು ಬಾವಿ ಇಲ್ಲದ ಊರಲ್ಲಿ ಈಜು ಕಲಿತಂತೆ.

ಇದು ಸುಮ್ಮನೆ ಅನುಮಾನವಲ್ಲ. ದೇಶದ ಹಲವು ವೈದ್ಯಕೀಯ ಕಾಲೇಜುಗಳ ತಪಾಸಣೆಯ ಬಗ್ಗೆ 2025ರಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ತಪಾಸಣೆಯ ದಿನಕ್ಕಷ್ಟೇ ಬರುವ ಬೋಧಕರು, ಹಾಸಿಗೆ ತುಂಬಲು ಮಲಗಿಸಿದ ಸುಳ್ಳು ರೋಗಿಗಳು ಎಂಬವು ಅದರಲ್ಲಿನ ಆರೋಪಗಳು. ಅಧಿಕಾರಿಗಳ ತಪಾಸಣೆಗೆ ದಿನ ಗೊತ್ತಾಗಬಹುದು. ಹದಿನೆಂಟರ ಹುಡುಗಿ ಅವ್ವನ ಜತೆ ಸೋಮವಾರ ಬಂದು ಬೆಂಚಿನ ಮೇಲೆ ಕೂರುವುದು ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ.

ಅಲ್ಲಿಂದ ಕ್ಯಾಂಟೀನಿಗೆ ಹೋಗಿ ಇಂಟರ್ನ್‌ಗಳನ್ನು ಹುಡುಕಬೇಕು. ನಿದ್ದೆಗೆಟ್ಟ ಕಣ್ಣಿನಿಂದ ಗುರುತು ಸಿಗುತ್ತಾರೆ. ನಾಲ್ಕೂವರೆ ವರ್ಷ ಮುಗಿಸಿ ಕೊನೆಯ ವರ್ಷದಲ್ಲಿರುವ ಇವರಿಗೆ ಕಾಲೇಜಿನ ಹೊಟ್ಟೆಯೊಳಗಿನದೆಲ್ಲ ಗೊತ್ತು, ಮುಚ್ಚಿಡುವ ಗರಜೂ ಇಲ್ಲ. ಹೆರಿಗೆ ನೀವೇ ಮಾಡಿಸಿದ್ದೀರಾ, ನಿಂತು ನೋಡಿದ್ದೀರಾ? ಹೊಲಿಗೆ ಹಾಕಲು ಕೊಡುತ್ತಾರೆಯೆ? ಅನಾಟಮಿಯಲ್ಲಿ ಒಂದು ಶವಕ್ಕೆ ಎಷ್ಟು ಮಂದಿ? ರಾತ್ರಿ ಎಮರ್ಜೆನ್ಸಿಯಲ್ಲಿ ದೊಡ್ಡ ಡಾಕ್ಟರು ಫೋನಿನಲ್ಲೋ ಎದುರಿಗೋ? ಸ್ಟೈಪೆಂಡ್ ಹೇಳಿದಷ್ಟು ಬರುತ್ತದೆಯೆ, ಬಂದದ್ದು ಕೈಯಲ್ಲಿ ಉಳಿಯುತ್ತದೆಯೆ? ಇಂಟರ್ನ್‌ಗಳಿಗೆ ಸ್ಟೈಪೆಂಡ್ ಕೊಡದ ಕಾಲೇಜುಗಳ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಗಿರುವುದರಿಂದ ಇದನ್ನು ಕೇಳಲು ನಾಚಿಕೊಳ್ಳಬೇಕಿಲ್ಲ. ಈಗಿನ ಪಠ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವುಗಳ ಆರೋಗ್ಯ ನೋಡಬೇಕೆಂಬ ನಿಯಮವಿದೆ. ಯಾವ ಹಳ್ಳಿ, ಎಷ್ಟು ಸಲ ಹೋದಿರಿ, ಆ ಮನೆಯವರ ಹೆಸರು ನೆನಪಿದೆಯೆ ಎಂದು ಕೇಳಿದರೆ ನಿಯಮ ಬದುಕಿದೆಯೋ ಫೈಲಿನಲ್ಲಿದೆಯೋ ತಿಳಿಯುತ್ತದೆ.

ಇನ್ನೊಂದನ್ನು ಹುಡುಗಿಯರು ಹುಡುಗಿಯರನ್ನೇ ಕೇಳಬೇಕು: ರಾತ್ರಿ ಎರಡಕ್ಕೆ ವಾರ್ಡಿನಿಂದ ಹಾಸ್ಟೆಲಿಗೆ ಹೇಗೆ ಹೋಗುತ್ತೀರಿ? ಎಲ್ಲರೂ ಕೇಳಬೇಕಾದದ್ದು: ಮೊದಲ ಇಂಟರ್ನಲ್‌ನಲ್ಲಿ ಫೇಲಾದವರನ್ನು ಇಲ್ಲಿ ಹೇಗೆ ನೋಡುತ್ತಾರೆ? ನಮ್ಮ ಮಕ್ಕಳು ಊರಿಗೇ ಮೊದಲ ರ್ಯಾಂಕು ಎನ್ನಿಸಿಕೊಂಡು ಹೋಗಿ, ಅಂಥ ಮೊದಲಿಗರೇ ತುಂಬಿದ ಕ್ಲಾಸಿನಲ್ಲಿ ಮೊದಲ ಸಲ ಸೋಲುತ್ತಾರೆ. ಆ ರಾತ್ರಿ ಯಾರ ಬಾಗಿಲು ಬಡಿಯಬೇಕೆಂದು ಗೊತ್ತಿರಬೇಕು. ಫೀ ವಿಚಾರಿಸುವ ಅಪ್ಪಂದಿರು ಇದನ್ನು ವಿಚಾರಿಸಿದ್ದು ನಾನು ಕಂಡಿಲ್ಲ.

ಡಾಕ್ಟರಾಗಬೇಕೆಂದು ಯಾಕೆ ಅನ್ನಿಸಿತು ಎಂಬುದನ್ನು ಹೊರದೇಶದ ಸಂದರ್ಶನಗಳಲ್ಲಿ ತಪ್ಪದೆ ಕೇಳುತ್ತಾರಂತೆ. ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ 'ಜನಸೇವೆ' ಎಂಬ ಕಂಠಪಾಠದ ಉತ್ತರ ಬರುತ್ತದೆ, ಆದ್ದರಿಂದ ಕೇಳದಿರುವುದೇ ವಾಸಿ. ಆದರೂ ಈ ಸೀಮೆಯಲ್ಲಿ ಆರೋಗ್ಯದ ದೊಡ್ಡದೊಂದು ಕೆಲಸ ಸ್ಟೆತಸ್ಕೋಪು ಇಲ್ಲದೆ ನಡೆದದ್ದು ನೆನಪಾಗುತ್ತದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಅಕ್ಕಿ, ದುಡ್ಡು ಬೇಡುತ್ತಿರಲಿಲ್ಲ. ನಿನ್ನ ಕುಡಿತ, ನಿನ್ನ ಗುಟ್ಕಾ, ನಿನ್ನ ಬೀಡಿ ಈ ಜೋಳಿಗೆಗೆ ಹಾಕು ಎನ್ನುತ್ತಿದ್ದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಬಾಗಿಲಿಗೆ ಹೋಗಿ, ಎದುರಿನವನನ್ನು ಅವಮಾನಿಸದೆ, ಅವನು ಹೇಳಲು ಹಿಂಜರಿಯುವುದನ್ನೇ ಕೇಳುವ ಆ ರೀತಿಯನ್ನು ಯಾವ ಪಠ್ಯಕ್ರಮದಲ್ಲಿ ಕಲಿಸುತ್ತಾರೆ? ಎಷ್ಟು ಕುಡೀತಿ ಎಂದು ಗಂಡಸನ್ನು ಅವನ ಹೆಂಡತಿಯ ಎದುರಿಗೆ ಕೇಳುವ ಇಂಟರ್ನ್‌ಗೆ ನಿಜ ಸಿಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಇಳಕಲ್ಲಿನ ಒಂದು ಸಮುದಾಯ ಭವನದಲ್ಲಿ, ನೀಟ್ ಪಾಸಾದ ನೇಕಾರರ ಮನೆಯ ಹುಡುಗಿಗೆ ಸತ್ಕಾರ ಇಟ್ಟಿದ್ದರು. ಈ ಹುಡುಗಿ ಬೆಂಚಿನ ಮೇಲೆ ಕೂತು ಬಂದಿದ್ದಳು, ಒಂದಲ್ಲ ಎರಡು ಆಸ್ಪತ್ರೆಗಳಲ್ಲಿ. ನೋಡಿ ಬಂದ ಮೇಲೆ ಆಪ್ಷನ್ ಪಟ್ಟಿಯ ಕ್ರಮ ಬದಲಿಸಿದ್ದಳು. ಮೇಲಿದ್ದ ಹೊಳೆಯುವ ಕಟ್ಟಡ ಕೆಳಗೆ ಹೋಗಿ, ಸಾಲು ಉದ್ದವಿದ್ದ ಹಳೆಯ ಆಸ್ಪತ್ರೆ ಮೇಲೆ ಬಂದಿತ್ತು. ಅಪ್ಪನಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. ಶಾಲು, ಹಾರ, ಫೋಟೊ ಮುಗಿದ ಮೇಲೆ ವೇದಿಕೆಯ ಹಿರಿಯರೊಬ್ಬರು ಮೈಕು ಹಿಡಿದು ಎಲ್ಲ ಸತ್ಕಾರಗಳಲ್ಲೂ ಕೇಳುವುದನ್ನೇ ಕೇಳಿದರು: 'ಡಾಕ್ಟರಾಗಿ ತಿರುಗಿ ನಮ್ಮೂರಿಗೇ ಬರಬೇಕವಾ. ಬರ್ತಿಯಲ್ಲ?'

ಹುಡುಗಿ ಹೌದೆಂದು ತಲೆಯಾಡಿಸಿ ಕೂರಬೇಕಿತ್ತು, ಪದ್ಧತಿ ಹಾಗೆ. ಅವಳು ಮೈಕು ಇಸಿದುಕೊಂಡಳು. 'ಬರ್ತೀನ್ರಿ. ನಾ ಬರೂದ್ರಾಗ ಇಲ್ಲೆ ಸರ್ಕಾರಿ ದವಾಖಾನಿಯಾಗ ರಾತ್ರಿ ಅನಸ್ತೇಶಿಯಾ ಕೊಡಾವ್ರು ಇರ್ತಾರೇನ್ರಿ? ರಕ್ತ ಸಿಗತೈತೇನ್ರಿ? ನಾ ಒಬ್ಬಾಕೀನ ಬಂದು ಏನ್ ಮಾಡ್ಲಿ?'

ಸಭೆಯಲ್ಲಿ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಅವಳಪ್ಪನ ಕಡೆ ನೋಡಿದರು. ಹಿರಿಯರು ಮೈಕನ್ನು ಆ ಕೈಯಿಂದ ಈ ಕೈಗೆ ಬದಲಿಸಿ, ಈ ವಿಷಯ ಶಾಸಕರ ಗಮನಕ್ಕೆ ತರೋಣ ಎಂದರು. ಆಮೇಲೆ ಚಹಾ ತರಲು ಹೇಳಿದರು.